ಯಡ್ರಾಮಿಯಿಂದ ಥಿಯೇಟರಿಗೆ: ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆ ನಡೆದು ಬಂದ ದಾರಿ

ನಮ್ಮ ಕಡೆಯ ಹಳ್ಳಿಗಳ ಮಂದಿಗೆ ಲ್ಯಾಪ್ರೊಸ್ಕೋಪ್, ಅಂದರೆ ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ಇಳಿಸಿ ನೋಡುವ ನಳಿಗೆ, ಪರಿಚಯವಾದದ್ದು ರೋಗ ವಾಸಿ ಮಾಡುವ ಸಾಧನವಾಗಿ ಅಲ್ಲ, ಕುಟುಂಬ ಯೋಜನೆ ಶಿಬಿರಗಳಲ್ಲಿ. ಹೊಕ್ಕುಳಿನ ಬಳಿ ಸಣ್ಣದೊಂದು ತೂತು, ಸಂಜೆಗೆ ಮನೆ: ಹೆಣ್ಣುಮಕ್ಕಳು ಆ ಅನುಭವವನ್ನು ಹೊತ್ತುಕೊಂಡು ಬಂದರು. ಅದೇ ಊರುಗಳಲ್ಲಿ ಕರುಳಿನ ಗಡ್ಡೆಯಾದವರಿಗೆ ಮಾತ್ರ ಎದೆಗೂಡಿನ ಕೆಳಗಿಂದ ಕಿಬ್ಬೊಟ್ಟೆಯವರೆಗೆ ಹೊಟ್ಟೆ ಸೀಳುವುದೇ ದಾರಿಯಾಗಿತ್ತು. ಈ ಎರಡರ ನಡುವಿನ ಅಂತರ ಹೇಗೆ ಕಡಿಮೆಯಾಯಿತು, ಯಾರಿಗೆ ಕಡಿಮೆಯಾಯಿತು ಎಂಬುದನ್ನು ಕಲಬುರಗಿ ಜಿಲ್ಲೆಯ ಯಡ್ರಾಮಿಯಲ್ಲಿ ನಿಂತು ನೋಡಿದರೆ ಈ ಶಸ್ತ್ರಚಿಕಿತ್ಸೆಯ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಆಧುನಿಕ ಶಸ್ತ್ರಚಿಕಿತ್ಸೆ ಒಂದು ಶತಮಾನಕ್ಕೂ ಹಳೆಯದು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದನಾಳವನ್ನೂ ಗುದದ್ವಾರವನ್ನೂ ಹೊಟ್ಟೆಯ ಕಡೆಯಿಂದ, ಕೆಳಗಿನಿಂದ ಎರಡೂ ಕಡೆ ಕೊಯ್ದು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಜೀವ ಉಳಿದರೆ ಉಳಿದ ಆಯುಷ್ಯವೆಲ್ಲ ಹೊಟ್ಟೆಯ ಮೇಲಿನ ಕೃತಕ ದ್ವಾರದಿಂದಲೇ ಮಲವಿಸರ್ಜನೆ. ಬಹುಕಾಲ ಅದೇ ಮಾನದಂಡವಾಗಿತ್ತು. ದೊಡ್ಡ ತಿರುವು ಬಂದದ್ದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ ಎಂಬ ಊರಿನಿಂದ. ಗುದನಾಳದ ಸುತ್ತಲಿನ ಕೊಬ್ಬು, ಅದರಲ್ಲಿ ಹುದುಗಿದ ದುಗ್ಧಗ್ರಂಥಿಗಳು ಒಂದು ತೆಳು ಪೊರೆಯೊಳಗೆ ಇರುತ್ತವೆ. ಕಿತ್ತಳೆಯ ತೊಳೆಯನ್ನು ಪೊರೆ ಹರಿಯದಂತೆ ಬಿಡಿಸುವ ಹಾಗೆ ಆ ಇಡೀ ಕಟ್ಟನ್ನು ಬಿಡಿಸಿ ತೆಗೆದರೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ತೀರ ಕಡಿಮೆಯಾಗುತ್ತದೆ ಎಂದು ಬಿಲ್ ಹೀಲ್ಡ್ 1982ರಲ್ಲಿ ತೋರಿಸಿದರು. ಇದು ದೊಡ್ಡ ಗಾಯದ ಮೂಲಕವೇ ಮಾಡಿದ ಕೆಲಸ. ರೋಗಿಗಳ ಆಯುಷ್ಯ ಹೆಚ್ಚಿಸಿದ ಶ್ರೇಯಸ್ಸು ಮುಂದೆ ಬಂದ ಯಾವ ಕ್ಯಾಮೆರಾಕ್ಕಿಂತಲೂ ಹೀಲ್ಡ್ ಅವರ ಈ ಪೊರೆಯ ಪಾಠಕ್ಕೆ ಹೆಚ್ಚು ಸಲ್ಲಬೇಕೆಂದು ನಾನು ನಂಬುತ್ತೇನೆ.

ಕ್ಯಾಮೆರಾದ ಕಥೆ ಜರ್ಮನಿಯಲ್ಲಿ ಶುರು. ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ 1980ರಲ್ಲಿ ಲ್ಯಾಪ್ರೊಸ್ಕೋಪ್ ಮೂಲಕ ಅಪೆಂಡಿಕ್ಸ್ ತೆಗೆದರು. 1985ರಲ್ಲಿ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು. ಇಬ್ಬರನ್ನೂ ಅವರ ದೇಶದ ಸರ್ಜನ್ನರು ಹೀಗಳೆದರು. 1987ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಫಿಲಿಪ್ ಮೂರೆ ಅದೇ ಕೆಲಸ ಮಾಡಿದ ಮೇಲೆ ಜಗತ್ತು ತಿರುಗಿ ನೋಡಿತು. ಭಾರತಕ್ಕೆ ಅದು ತಡವಾಗಲಿಲ್ಲ: 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಂಟನ್ ಉದ್ವಾಡಿಯಾ ದೇಶದ ಮೊದಲ ಲ್ಯಾಪ್ರೊಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದರು, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ. ಅದೇ ವರ್ಷ ಅಮೆರಿಕದ ಮಯಾಮಿಯಲ್ಲಿ ಮೋಯಿಸೆಸ್ ಜೇಕಬ್ಸ್ ಬಲಗಡೆಯ ದೊಡ್ಡ ಕರುಳನ್ನು ಇದೇ ವಿಧಾನದಲ್ಲಿ ತೆಗೆದರು.

ಪಿತ್ತಕೋಶಕ್ಕೆ ಎರಡು ಮೂರು ವರ್ಷದಲ್ಲಿ ಒಗ್ಗಿದ ವಿಧಾನ ಕರುಳಿಗೆ ಒಗ್ಗಲು ಹದಿನೈದು ವರ್ಷ ಬೇಕಾಯಿತು. ಪಿತ್ತಕೋಶ ಒಂದು ಮೂಲೆಯಲ್ಲಿರುವ ಚೀಲ. ಒಂದು ನಾಳ, ಒಂದು ರಕ್ತನಾಳ ಕಟ್ಟಿದರೆ ಮುಗಿಯಿತು. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ, ಹೊಟ್ಟೆಯ ನಾಲ್ಕೂ ಮೂಲೆ ಸುತ್ತಿರುತ್ತದೆ. ರಕ್ತನಾಳವನ್ನು ಬುಡದಲ್ಲೇ ಕಟ್ಟಿ ದುಗ್ಧಗ್ರಂಥಿಗಳ ಸಮೇತ ಬಿಡಿಸಬೇಕು, ರೋಗವಿರುವ ತುಂಡನ್ನು ಹೊರತೆಗೆಯಬೇಕು, ಉಳಿದ ಎರಡು ತುದಿಗಳನ್ನು ಸೋರದಂತೆ ಜೋಡಿಸಬೇಕು. ಜೋಡಣೆ ಸೋರಿದರೆ ಮಲ ಹೊಟ್ಟೆಯೊಳಗೆ ಹರಡಿ ಜೀವಕ್ಕೇ ಸಂಚಕಾರ. ಇದೆಲ್ಲವನ್ನೂ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿದ ಹೊಟ್ಟೆಯಲ್ಲಿ, ನಾಲ್ಕೈದು ರಂಧ್ರಗಳ ಮೂಲಕ, ಪರದೆ ನೋಡುತ್ತಾ ಮಾಡಬೇಕು.

ಅಷ್ಟರಲ್ಲಿ ಇನ್ನೊಂದು ಭಯ ಬಂತು. 1990ರ ದಶಕದ ಮೊದಲ ಭಾಗದಲ್ಲಿ ರಂಧ್ರ ಮಾಡಿದ ಜಾಗದಲ್ಲೇ ಕ್ಯಾನ್ಸರ್ ಮೊಳೆತ ವರದಿಗಳು ಒಂದಾದ ಮೇಲೊಂದು ಬಂದವು. 1994ರಲ್ಲಿ ನೆದರ್ಲೆಂಡ್ಸಿನ ತಂಡವೊಂದು 14 ರೋಗಿಗಳಲ್ಲಿ 3 ಮಂದಿಗೆ ಹಾಗಾಯಿತೆಂದು ಪ್ರಕಟಿಸಿದಾಗ ಅನೇಕ ಸರ್ಜನ್ನರು ಸಲಕರಣೆ ಕೆಳಗಿಟ್ಟರು. ಉತ್ಸಾಹಕ್ಕೂ ಭಯಕ್ಕೂ ಉತ್ತರ ಕೊಟ್ಟದ್ದು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು. ಅಮೆರಿಕದ ಕಾಸ್ಟ್ ಅಧ್ಯಯನ 48 ಆಸ್ಪತ್ರೆಗಳ 872 ರೋಗಿಗಳದ್ದು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಮೂರು ವರ್ಷದೊಳಗೆ ಕ್ಯಾನ್ಸರ್ ಮರುಕಳಿಸಿದ್ದು ಲ್ಯಾಪ್ರೊಸ್ಕೋಪಿ ಗುಂಪಿನಲ್ಲಿ ಶೇ. 16, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 18. ಗಾಯದಲ್ಲಿ ಗಡ್ಡೆ ಮೊಳೆತದ್ದು ಎರಡರಲ್ಲೂ ಶೇ. 1ಕ್ಕಿಂತ ಕಡಿಮೆ. ಪಳಗದ ಕೈ ಗಡ್ಡೆಯನ್ನು ಒರಟಾಗಿ ಎಳೆದಾಡಿದ್ದೇ ಮೊದಲಿನ ಅನಾಹುತಕ್ಕೆ ಮುಖ್ಯ ಕಾರಣ ಎಂಬ ಅಭಿಪ್ರಾಯ ಆಮೇಲೆ ಗಟ್ಟಿಯಾಯಿತು. ಆದರೂ ಆ ಅಧ್ಯಯನದ ಇನ್ನೊಂದು ಅಂಕಿಯನ್ನು ಮರೆಯಬಾರದು: ಐದರಲ್ಲಿ ಒಬ್ಬರಿಗೆ ನಡುವೆ ನಿಲ್ಲಿಸಿ ಹೊಟ್ಟೆ ತೆರೆಯಬೇಕಾಯಿತು. ಮರುವರ್ಷ ಪ್ರಕಟವಾದ ಬ್ರಿಟನ್ನಿನ ಕ್ಲಾಸಿಕ್ ಅಧ್ಯಯನದಲ್ಲಿ ಅದು ಶೇ. 29.

ಗುದನಾಳದ ವಿಷಯ ಇಷ್ಟು ಸಲೀಸಾಗಿ ಇತ್ಯರ್ಥವಾಗಲಿಲ್ಲ. 2015ರಲ್ಲಿ ಯುರೋಪಿನ ಕಲರ್-2 ಅಧ್ಯಯನ ಎರಡೂ ವಿಧಾನಗಳಲ್ಲಿ ಮೂರು ವರ್ಷದೊಳಗೆ ಅದೇ ಜಾಗದಲ್ಲಿ ಮರುಕಳಿಕೆ ಶೇ. 5 ಎಂದಿತು. ಅದೇ ವರ್ಷ ಅಮೆರಿಕ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನಗಳು, ತೆಗೆದ ತುಂಡಿನ ಗುಣಮಟ್ಟದಲ್ಲಿ ಲ್ಯಾಪ್ರೊಸ್ಕೋಪಿ ಹಿಂದೆ ಬಿದ್ದಿಲ್ಲ ಎಂದು ಸಾಬೀತುಪಡಿಸಲು ಆಗಲಿಲ್ಲವೆಂದವು. ಕಿರಿದಾದ ಕಿಬ್ಬೊಟ್ಟೆಯ ಆಳದಲ್ಲಿ, ಅದರಲ್ಲೂ ಗಂಡಸರಲ್ಲಿ, ನೇರವಾದ ಉದ್ದ ಸಲಕರಣೆ ತಿರುಗುವುದು ಕಷ್ಟ. ಮಣಿಕಟ್ಟಿನಂತೆ ಬಾಗುವ ರೋಬೊ ತೋಳುಗಳು ಅಲ್ಲಿಗೇ ಬಂದವು. 2017ರ ರೋಲಾರ್ ಅಧ್ಯಯನದಲ್ಲಿ ಹೊಟ್ಟೆ ತೆರೆಯಬೇಕಾದದ್ದು ರೋಬೊದಲ್ಲಿ ಶೇ. 8.1, ಲ್ಯಾಪ್ರೊಸ್ಕೋಪಿಯಲ್ಲಿ ಶೇ. 12.2, ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಖಚಿತವಾದ ವ್ಯತ್ಯಾಸವಲ್ಲ. ಆಮೇಲೆ ಚೀನಾದಲ್ಲಿ ನಡೆದ ದೊಡ್ಡ ಅಧ್ಯಯನ ರೋಬೊ ಪರವಾಗಿ ಬಂದಿದೆ. ಆದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ಕಲಬುರಗಿ ವಿಭಾಗದ ತುರ್ತು ಅಗತ್ಯವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ದೊಡ್ಡ ಲಾಭ ಕೊಟ್ಟ ಇನ್ನೊಂದು ಬದಲಾವಣೆ ಯಂತ್ರದ್ದಲ್ಲ. ಆಪರೇಷನ್ ಮುಂಚೆ ದಿನಗಟ್ಟಲೆ ಉಪವಾಸ, ಆಮೇಲೆ ಮೂಗಿಗೆ ನಳಿಗೆ, ವಾಯು ಸರಿಯುವವರೆಗೆ ಬಾಯಿಗೆ ಏನೂ ಇಲ್ಲ, ಹಾಸಿಗೆ ಬಿಟ್ಟು ಏಳುವಂತಿಲ್ಲ: ಈ ಕಟ್ಟುಪಾಡುಗಳಿಗೆ ಆಧಾರವಿಲ್ಲವೆಂದು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ತೋರಿಸಿದರು. ಅದೇ ದಿನ ಗಂಜಿ, ಮರುದಿನ ನಡಿಗೆ, ಅಫೀಮು ಜಾತಿಯ ನೋವಿನ ಮದ್ದು ಆದಷ್ಟು ಕಡಿಮೆ. 2011ರಲ್ಲಿ ನೆದರ್ಲೆಂಡ್ಸಿನ ಲಾಫಾ ಅಧ್ಯಯನದಲ್ಲಿ ಲ್ಯಾಪ್ರೊಸ್ಕೋಪಿ ಮತ್ತು ಈ ಆರೈಕೆ ಎರಡೂ ಸಿಕ್ಕವರು 5 ದಿನಕ್ಕೆ ಮನೆ ಸೇರಿದರು. ಎರಡೂ ಸಿಗದವರಿಗೆ 7 ದಿನ. ಇದಕ್ಕೆ ಬೇಕಾದದ್ದು ತರಬೇತಾದ ನರ್ಸುಗಳು ಮತ್ತು ಹಳೆಯ ರೂಢಿ ಬಿಡುವ ಮನಸ್ಸು. ಯಾವ ಜಿಲ್ಲಾಸ್ಪತ್ರೆಯೂ ನಾಳೆಯೇ ಶುರುಮಾಡಬಹುದು.

ಎರಡು ದಿನದ ಉಳಿತಾಯ ಆಂಸ್ಟರ್‌ಡ್ಯಾಮಿನ ಆಸ್ಪತ್ರೆಗೆ ಲೆಕ್ಕಪತ್ರದ ಮಾತು. ತೊಗರಿ, ಹತ್ತಿ ಹೊಲದಲ್ಲಿ ದುಡಿಯುವವರಿಗೆ, ಮುಂಬೈ, ಪುಣೆ ಕಡೆ ಗುಳೆ ಹೋಗಿ ಕಲ್ಲು ಹೊರುವವರಿಗೆ ಅದರ ಬೆಲೆಯೇ ಬೇರೆ. ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದ ಗಾಯ ಸಡಿಲವಾಗಿ ಹರ್ನಿಯಾ ಆದರೆ ಭಾರ ಎತ್ತುವ ಕೂಲಿ ಅಲ್ಲಿಗೆ ಮುಗಿಯಿತು. ಆದ್ದರಿಂದ ಚಿಕ್ಕ ರಂಧ್ರದ ಆಪರೇಷನ್ ಶಹರದ ಅನುಕೂಲಸ್ಥರ ಸೌಕರ್ಯವೆಂಬ ಮಾತು ತಿರುವುಮುರುವು. ಮೈ ಮುರಿದು ದುಡಿಯುವವರಿಗೇ ಅದು ಮೊದಲು ಸಲ್ಲಬೇಕು.

ಸಲ್ಲುತ್ತಿಲ್ಲ ಏಕೆಂದರೆ ಅವರು ತಡವಾಗಿ ಬರುತ್ತಾರೆ. ಮಲದಲ್ಲಿ ರಕ್ತ ಕಂಡರೆ "ಮೂಲವ್ಯಾಧಿ ಆಗೇದ" ಎಂಬ ತೀರ್ಮಾನ ಮನೆಯಲ್ಲೇ ಆಗುತ್ತದೆ. ಪುಡಿ, ಮುಲಾಮು, ಸಂತೆಯ ದಿನ ಸಿಗುವ "ಗ್ಯಾರಂಟಿ" ಚುಚ್ಚುಮದ್ದು, ತಿಂಗಳುಗಳು ಸರಿಯುತ್ತವೆ. ಹೆಣ್ಣುಮಕ್ಕಳು ನಾಚಿಕೆಯಿಂದ ಹೇಳುವುದೇ ಇಲ್ಲ. ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣ ಪಶ್ಚಿಮ ದೇಶಗಳಿಗಿಂತ ಬಹಳ ಕಡಿಮೆ ನಿಜ. ಆದರೆ ನಮ್ಮಲ್ಲಿ ಗುದನಾಳದ ಪಾಲು ದೊಡ್ಡದು, ರೋಗಿಗಳ ವಯಸ್ಸು ಚಿಕ್ಕದು. ಮೂವತ್ತು, ನಲವತ್ತರ ಪ್ರಾಯದವರನ್ನು ನೋಡಿ "ಇಷ್ಟು ಸಣ್ಣ ವಯಸ್ಸಿಗೆ ಎಲ್ಲಿ ಕ್ಯಾನ್ಸರ್" ಎಂದು ವೈದ್ಯರೂ ಮೂಲವ್ಯಾಧಿಯ ಚೀಟಿ ಬರೆದು ಕಳಿಸುವುದುಂಟು. ಗುದನಾಳದ ಅನೇಕ ಗಡ್ಡೆಗಳು ಬೆರಳಿಗೇ ಸಿಗುತ್ತವೆ. ಕೈಗವಸು ಹಾಕಿ ಮಾಡುವ ಆ ಪರೀಕ್ಷೆಗೆ ಯಡ್ರಾಮಿಯ ದವಾಖಾನೆಯಲ್ಲಿ ಏನು ಕೊರತೆ? ಕರುಳು ಪೂರ್ತಿ ಕಟ್ಟಿ, ಹೊಟ್ಟೆ ಉಬ್ಬಿ, ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆ ಹಾಯ್ದು ರಾತ್ರೋರಾತ್ರಿ ಕಲಬುರಗಿಗೆ ಬಂದವರಿಗೆ ಲ್ಯಾಪ್ರೊಸ್ಕೋಪಿಯ ಮಾತೇ ಏಳುವುದಿಲ್ಲ. ಹೊಟ್ಟೆ ತೆರೆದು, ಮೇಲೆ ಕೃತಕ ದ್ವಾರ ಮಾಡಿ ಮಲದ ಚೀಲ ಹಚ್ಚಿ, ಜೀವ ಉಳಿಸುವುದೇ ಕೆಲಸ.

ಆ ಚೀಲದ ಬಗ್ಗೆ ಅಧ್ಯಯನಗಳಲ್ಲಿ ಒಂದೆರಡು ಸಾಲು ಇರುತ್ತದೆ. ಊರಲ್ಲಿ ಅದು ಇಡೀ ಸಂಸಾರದ ಮಾತು. ಚೀಲ ಬದಲಿಸಲು ನೀರು ಬೇಕು, ಮರೆ ಬೇಕು, ತಿಂಗಳಿಗಿಷ್ಟು ದುಡ್ಡು ಬೇಕು, ಅದು ಜೇವರ್ಗಿಯ ಔಷಧದಂಗಡಿಯಲ್ಲಿ ಸಿಗದಿದ್ದರೆ ಕಲಬುರಗಿಗೆ ಹೋಗಬೇಕು. ವಾಸನೆಗೆ ಹೆದರಿ ಮದುವೆ, ಜಾತ್ರೆ ಬಿಟ್ಟವರಿದ್ದಾರೆ. ಅನೇಕರಿಗೆ ಅದು ಮೂರು ತಿಂಗಳ ತಾತ್ಕಾಲಿಕ ಏರ್ಪಾಡು, ಇನ್ನೊಂದು ಚಿಕ್ಕ ಆಪರೇಷನ್ನಿನಿಂದ ಮುಚ್ಚಬಹುದು. ಹೇಳುವವರಿಲ್ಲದೆ ಅದನ್ನೇ ಶಾಶ್ವತವೆಂದು ಹೊತ್ತು ತಿರುಗುವುದು ನನಗೆ ತಡೆಯಲಾರದ ಸಂಕಟ. ಗುದದ್ವಾರದ ಸ್ನಾಯು ಉಳಿಸಿ ತೀರ ಕೆಳಗೆ ಜೋಡಿಸುವ ಕೌಶಲ ಬೆಳೆದದ್ದು ಈ ಕ್ಷೇತ್ರದ ನಿಜವಾದ ಮಾನವೀಯ ಸಾಧನೆ.

ದುಡ್ಡಿನ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಹೆಮ್ಮೆಯ ದಾಖಲೆ ಇದೆ. ಬಡವರಿಗೆ ಕ್ಯಾನ್ಸರ್, ಹೃದ್ರೋಗದಂಥ ದೊಡ್ಡ ಚಿಕಿತ್ಸೆ ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರ ಫೆಬ್ರವರಿಯಲ್ಲಿ ಮೊದಲು ಜಾರಿಯಾದದ್ದು ಗುಲ್ಬರ್ಗಾ (ಇಂದಿನ ಕಲಬುರಗಿ) ವಿಭಾಗದಲ್ಲಿ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಅದಿಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂತು: ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಾವು ಶೇ. 0.32, ಯೋಜನೆ ಇಲ್ಲದ ಕಡೆ ಶೇ. 0.90. ಹಳ್ಳಿಗಳಲ್ಲಿ ಶಿಬಿರ ಹಾಕಿ ರೋಗಿಗಳನ್ನು ಹುಡುಕಿ ಕರೆದೊಯ್ದದ್ದು ಆ ಯೋಜನೆಯ ಜೀವಾಳವಾಗಿತ್ತು. 2018ರಲ್ಲಿ ಅದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಸೇರಿತು. ಕಲಬುರಗಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು, ಇಎಸ್‌ಐ ಕಾಲೇಜು, 1963ರಷ್ಟು ಹಳೆಯ ಮಹಾದೇವಪ್ಪ ರಾಂಪುರೆ ಕಾಲೇಜು, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಎಲ್ಲವೂ ಇವೆ. ಆದರೂ ಸೊಲ್ಲಾಪುರ, ಮಿರಜ, ಹೈದರಾಬಾದಿಗೆ ಹೋಗುವ ಹಳೆಯ ರೂಢಿ ನಿಂತಿಲ್ಲ.

ಕ್ಷೇತ್ರದ ಹೊಸ ಹೆಜ್ಜೆ ಕತ್ತರಿಯನ್ನೇ ಬಿಡುವ ಕಡೆಗಿದೆ. ಬ್ರೆಜಿಲ್ಲಿನ ಆಂಜೆಲಿಟಾ ಹಾಬರ್-ಗಾಮಾ, ವಿಕಿರಣ ಮತ್ತು ಕೀಮೊದಿಂದ ಗುದನಾಳದ ಗಡ್ಡೆ ಪೂರ್ತಿ ಕರಗಿದವರನ್ನು ಕೊಯ್ಯದೆ ನಿಗಾದಲ್ಲಿಟ್ಟರೂ ಚೆನ್ನಾಗಿರುತ್ತಾರೆಂದು 2004ರಲ್ಲಿ ತೋರಿಸಿದರು. ಈಗ ಜಗತ್ತಿನ ಅನೇಕ ದೊಡ್ಡ ಕೇಂದ್ರಗಳು ಅದನ್ನು ಅನುಸರಿಸುತ್ತಿವೆ. ಅದಕ್ಕೆ ಮೊದಲ ಕೆಲವು ವರ್ಷ ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ ಎಂಡೊಸ್ಕೋಪಿ, ಎಂಆರ್‌ಐ ಆಗಬೇಕು; ಗಡ್ಡೆ ಮರಳಿ ಕಂಡ ಕೂಡಲೇ ಆಪರೇಷನ್ ಆಗಬೇಕು. ದೀಪಾವಳಿ ಮುಗಿಸಿ ಗುಳೆ ಹೋಗಿ ಯುಗಾದಿಗೆ ಬರುವ ಕುಟುಂಬದ ರೋಗಿಗೆ ಈ ಆಯ್ಕೆ ಕೊಡಬೇಕಾದರೆ ಕಲಬುರಗಿಯ ಚಿಕಿತ್ಸೆಯ ಕಾಗದ ಪುಣೆಯಲ್ಲೂ ನಡೆಯಬೇಕು, ತಾರೀಕು ತಪ್ಪಿದರೆ ಯೋಜನೆಯ ಆರೋಗ್ಯಮಿತ್ರರೋ ಆಶಾ ಕಾರ್ಯಕರ್ತೆಯೋ ಫೋನ್ ಹಚ್ಚಬೇಕು. ಆ ಏರ್ಪಾಡು ಆಗುವವರೆಗೆ ಯಡ್ರಾಮಿಯ ರೋಗಿಗೆ ವೈದ್ಯರು ಆಪರೇಷನ್ನನ್ನೇ ಆರಿಸಿದರೆ ಅವರನ್ನು ತಪ್ಪೆನ್ನುವಂತಿಲ್ಲ.