ಹಾವೇರಿ ಜಿಲ್ಲೆಯಲ್ಲಿ ಟಿಕೆಟ್ ಹಂಚಿಕೆ ಮತ್ತು ಪಕ್ಷನಿಷ್ಠೆ

ಹಾವೇರಿ ಜಿಲ್ಲೆಯಲ್ಲಿ ಟಿಕೆಟ್ ಹಂಚಿಕೆ ಮತ್ತು ಪಕ್ಷನಿಷ್ಠೆ ಎಂಬುದು ಕರ್ನಾಟಕದ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮತ್ತು ನೆರೆಯ ಕ್ಷೇತ್ರಗಳಲ್ಲಿ ರಾಜಕೀಯ ಪಕ್ಷಗಳ ಅಭ್ಯರ್ಥಿ ಆಯ್ಕೆ, ಅದರಿಂದ ಉಂಟಾದ ಭಿನ್ನಮತ, ಬಂಡಾಯ ಸ್ಪರ್ಧೆ ಹಾಗೂ ಮತದಾರರ ಪ್ರತಿಕ್ರಿಯೆಗೆ ಸಂಬಂಧಿಸಿದ ವಿಷಯವಾಗಿದೆ. 2012ರಲ್ಲಿ ಕರ್ನಾಟಕ ಜನತಾ ಪಕ್ಷದ ಸ್ಥಾಪನಾ ಸಮಾವೇಶ ಹಾವೇರಿಯಲ್ಲಿಯೇ ನಡೆದುದರಿಂದ, ರಾಜ್ಯದಲ್ಲಿ ಪಕ್ಷದ ಒಡಕು ಮತ್ತು ಮರುಹೊಂದಾಣಿಕೆಯ ಚರ್ಚೆಯಲ್ಲಿ ಈ ಜಿಲ್ಲೆಗೆ ವಿಶೇಷ ಸ್ಥಾನವಿದೆ.

== ಹಿನ್ನೆಲೆ ==

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯಲ್ಲಿ ಹಾನಗಲ್, ಶಿಗ್ಗಾಂವಿ, ಹಾವೇರಿ, ಬ್ಯಾಡಗಿ, ಹಿರೇಕೆರೂರು ಮತ್ತು ರಾಣೇಬೆನ್ನೂರು ಎಂಬ 6 ವಿಧಾನಸಭಾ ಕ್ಷೇತ್ರಗಳಿವೆ. ಇವುಗಳಲ್ಲಿ ಶಿಗ್ಗಾಂವಿ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಉಳಿದ 5 ಕ್ಷೇತ್ರಗಳು ಗದಗ ಜಿಲ್ಲೆಯ ಗದಗ, ರೋಣ ಮತ್ತು ಶಿರಹಟ್ಟಿಯೊಂದಿಗೆ ಹಾವೇರಿ ಲೋಕಸಭಾ ಕ್ಷೇತ್ರವನ್ನು ರೂಪಿಸುತ್ತವೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯ ನಂತರ ಹಾವೇರಿ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಗಿದೆ.

== ಅಭ್ಯರ್ಥಿ ಆಯ್ಕೆಯ ಕ್ರಮ ==

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಯನ್ನು ರಾಜ್ಯವಾರು ಪ್ರಾಥಮಿಕ ಚುನಾವಣೆಗಳ ಮೂಲಕ ನಿರ್ಧರಿಸಲಾಗುತ್ತದೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ನಡುವೆ ದೀರ್ಘ ಪೈಪೋಟಿ ನಡೆಯಿತು. ಕ್ಲಿಂಟನ್ ಆ ವರ್ಷದ ಜೂನ್‌ನಲ್ಲಿ ಸ್ಪರ್ಧೆಯಿಂದ ಹಿಂದೆ ಸರಿದು ಒಬಾಮ ಅವರನ್ನು ಬೆಂಬಲಿಸಿದರು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಪ್ರಾಥಮಿಕ ಚುನಾವಣೆಯಲ್ಲಿ ಸೋತವರು ಅದೇ ಹುದ್ದೆಗೆ ಅದೇ ವರ್ಷ ಪಕ್ಷೇತರರಾಗಿ ನಿಲ್ಲುವುದಕ್ಕೆ ಕಾನೂನಿನ ನಿರ್ಬಂಧವಿದೆ.

ಭಾರತದಲ್ಲಿ ಇಂತಹ ಪ್ರಾಥಮಿಕ ಚುನಾವಣೆಯ ವ್ಯವಸ್ಥೆಯಿಲ್ಲ. ಆಕಾಂಕ್ಷಿಗಳ ಪಟ್ಟಿಯನ್ನು ರಾಜ್ಯ ಘಟಕಗಳು ಸಿದ್ಧಪಡಿಸುತ್ತವೆ. ರಾಷ್ಟ್ರೀಯ ಪಕ್ಷಗಳಲ್ಲಿ ಅಂತಿಮ ನಿರ್ಧಾರ ಕೇಂದ್ರ ಚುನಾವಣಾ ಸಮಿತಿಯದು. ಪಕ್ಷವು ನೀಡುವ 'ಬಿ' ಫಾರಂ ಪಡೆದವರೇ ಅಧಿಕೃತ ಅಭ್ಯರ್ಥಿಗಳು. ಟಿಕೆಟ್ ಸಿಗದವರು ನಾಮಪತ್ರ ಸಲ್ಲಿಕೆಯ ಅವಧಿಯೊಳಗೆ ಬೇರೆ ಪಕ್ಷದಿಂದ ಅಥವಾ ಪಕ್ಷೇತರರಾಗಿ ಸ್ಪರ್ಧಿಸಬಹುದು. ಆದ್ದರಿಂದ ಪಕ್ಷದೊಳಗಿನ ಪೈಪೋಟಿ ಅಲ್ಲಿಯೇ ಮುಗಿಯದೆ ಮತಗಟ್ಟೆಯವರೆಗೂ ಮುಂದುವರಿಯುವ ಸಾಧ್ಯತೆ ಇಲ್ಲಿ ಹೆಚ್ಚು.

== ಕರ್ನಾಟಕ ಜನತಾ ಪಕ್ಷ ಮತ್ತು 2013ರ ಚುನಾವಣೆ ==

2008ರ ವಿಧಾನಸಭಾ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷವು ಜಿಲ್ಲೆಯ 6 ಕ್ಷೇತ್ರಗಳಲ್ಲಿ 5ನ್ನು ಗೆದ್ದಿತ್ತು. 2011ರ ಜುಲೈನಲ್ಲಿ ಮುಖ್ಯಮಂತ್ರಿ ಸ್ಥಾನ ತೊರೆದ ಬಿ.ಎಸ್. ಯಡಿಯೂರಪ್ಪ ಅವರು 2012ರ ನವೆಂಬರ್ 30ರಂದು ಪಕ್ಷಕ್ಕೂ ರಾಜೀನಾಮೆ ನೀಡಿದರು. ಡಿಸೆಂಬರ್ 9ರಂದು ಹಾವೇರಿಯಲ್ಲಿ ನಡೆದ ಸಮಾವೇಶದಲ್ಲಿ ಕರ್ನಾಟಕ ಜನತಾ ಪಕ್ಷಕ್ಕೆ ಚಾಲನೆ ನೀಡಿದರು. ಜಿಲ್ಲೆಯ ಹಿರಿಯ ನಾಯಕ ಸಿ.ಎಂ. ಉದಾಸಿ, ಹಾವೇರಿ ಶಾಸಕ ನೆಹರು ಓಲೇಕಾರ ಮೊದಲಾದವರು ಹೊಸ ಪಕ್ಷ ಸೇರಿದರು. ಶಿಗ್ಗಾಂವಿಯ ಬಸವರಾಜ ಬೊಮ್ಮಾಯಿ ಭಾರತೀಯ ಜನತಾ ಪಕ್ಷದಲ್ಲಿಯೇ ಉಳಿದರು.

2013ರ ಮೇ 5ರಂದು ನಡೆದ ಚುನಾವಣೆಯಲ್ಲಿ ಈ ಒಡಕಿನ ಪರಿಣಾಮ ಸ್ಪಷ್ಟವಾಯಿತು. ಕಾಂಗ್ರೆಸ್ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮತ್ತು ಹಾನಗಲ್ ಕ್ಷೇತ್ರಗಳನ್ನು ಗೆದ್ದಿತು. ಉದಾಸಿ ಮತ್ತು ಓಲೇಕಾರ ಇಬ್ಬರೂ ಸೋತರು. ಕರ್ನಾಟಕ ಜನತಾ ಪಕ್ಷಕ್ಕೆ ಹಿರೇಕೆರೂರಿನಲ್ಲಿ ಯು.ಬಿ. ಬಣಕಾರ ಅವರ ಗೆಲುವು ಮಾತ್ರ ದೊರೆಯಿತು. ಬೊಮ್ಮಾಯಿ ತಮ್ಮ ಕ್ಷೇತ್ರ ಉಳಿಸಿಕೊಂಡರು.

ರಾಜ್ಯಮಟ್ಟದಲ್ಲಿ ಕಾಂಗ್ರೆಸ್‌ನ ಮತಪ್ರಮಾಣ 2008ರ ಸುಮಾರು ಶೇ. 34.8ರಿಂದ ಸುಮಾರು ಶೇ. 36.6ಕ್ಕೆ ಮಾತ್ರ ಏರಿತು. ಆದರೆ ಅದರ ಸ್ಥಾನಗಳು 80ರಿಂದ 122ಕ್ಕೆ ಹೆಚ್ಚಿದವು. ಭಾರತೀಯ ಜನತಾ ಪಕ್ಷವು 110 ಸ್ಥಾನಗಳಿಂದ 40ಕ್ಕೆ ಕುಸಿಯಿತು. ಸುಮಾರು ಶೇ. 10ರಷ್ಟು ಮತ ಪಡೆದ ಕರ್ನಾಟಕ ಜನತಾ ಪಕ್ಷಕ್ಕೆ 6 ಸ್ಥಾನಗಳು ಲಭಿಸಿದವು. ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಲ್ಲಿ, ಮತಗಳು ಎದುರಾಳಿಗೆ ಹೋಗದಿದ್ದರೂ ಎರಡಾಗಿ ಹಂಚಿಹೋದರೆ ಫಲಿತಾಂಶ ಬದಲಾಗುತ್ತದೆ ಎಂಬುದಕ್ಕೆ ಈ ಚುನಾವಣೆ ನಿದರ್ಶನವಾಗಿದೆ.

2014ರ ಜನವರಿಯಲ್ಲಿ ಯಡಿಯೂರಪ್ಪ ಮಾತೃಪಕ್ಷಕ್ಕೆ ಮರಳಿದರು. ಕೆಲವೇ ತಿಂಗಳುಗಳ ನಂತರ ನಡೆದ ಲೋಕಸಭಾ ಚುನಾವಣೆಯಲ್ಲಿ ಹಾವೇರಿ ಕ್ಷೇತ್ರದಿಂದ ಶಿವಕುಮಾರ ಉದಾಸಿ ಮರು ಆಯ್ಕೆಯಾದರು. ರಾಜ್ಯದ 28 ಸ್ಥಾನಗಳಲ್ಲಿ 17 ಭಾರತೀಯ ಜನತಾ ಪಕ್ಷಕ್ಕೆ ದೊರೆತವು.

== ಕ್ಷೇತ್ರವಾರು ಬೆಳವಣಿಗೆಗಳು ==

=== ರಾಣೇಬೆನ್ನೂರು ===

2013ರಲ್ಲಿ ಕಾಂಗ್ರೆಸ್‌ನ ಕೆ.ಬಿ. ಕೋಳಿವಾಡ ಅವರು ಪಕ್ಷೇತರ ಅಭ್ಯರ್ಥಿ ಆರ್. ಶಂಕರ್ ವಿರುದ್ಧ ಜಯಗಳಿಸಿದರು. 2018ರಲ್ಲಿ ಶಂಕರ್ ಅವರು ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದಿಂದ ಸ್ಪರ್ಧಿಸಿ, ಆಗ ವಿಧಾನಸಭಾಧ್ಯಕ್ಷರಾಗಿದ್ದ ಕೋಳಿವಾಡ ಅವರನ್ನು ಸೋಲಿಸಿದರು. ಮೈತ್ರಿ ಸರ್ಕಾರದಲ್ಲಿ ಸಚಿವರಾಗಿದ್ದ ಶಂಕರ್ 2019ರ ಜುಲೈನಲ್ಲಿ ಬೆಂಬಲ ಹಿಂಪಡೆದರು. ಅವರ ಪಕ್ಷ ಕಾಂಗ್ರೆಸ್‌ನಲ್ಲಿ ವಿಲೀನಗೊಂಡಿದೆ ಎಂಬ ಆಧಾರದ ಮೇಲೆ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅವರು ಜುಲೈ 25ರಂದು ಶಂಕರ್ ಅವರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ 2019ರ ನವೆಂಬರ್ 13ರಂದು ಶಾಸಕರ ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವಕಾಶ ನೀಡಿತು.

ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷವು ಶಂಕರ್ ಬದಲಿಗೆ ಅರುಣಕುಮಾರ ಪೂಜಾರ ಅವರಿಗೆ ಟಿಕೆಟ್ ನೀಡಿ ಗೆದ್ದಿತು. ಶಂಕರ್ 2020ರಲ್ಲಿ ವಿಧಾನ ಪರಿಷತ್ ಸದಸ್ಯರಾದರು. 2023ರಲ್ಲಿ ಮತ್ತೆ ಟಿಕೆಟ್ ದೊರೆಯದಿದ್ದಾಗ ಪರಿಷತ್ ಸ್ಥಾನಕ್ಕೆ ರಾಜೀನಾಮೆ ನೀಡಿ, ರಾಷ್ಟ್ರವಾದಿ ಕಾಂಗ್ರೆಸ್ ಪಕ್ಷದಿಂದ ಸ್ಪರ್ಧಿಸಿ ಸೋತರು. ಆ ಚುನಾವಣೆಯಲ್ಲಿ ಕಾಂಗ್ರೆಸ್‌ನ ಪ್ರಕಾಶ ಕೋಳಿವಾಡ ಆಯ್ಕೆಯಾದರು.

=== ಬ್ಯಾಡಗಿ ===

2018ರಲ್ಲಿ ಕಾಂಗ್ರೆಸ್ ತನ್ನ ಹಾಲಿ ಶಾಸಕ ಬಸವರಾಜ ಶಿವಣ್ಣನವರ ಬದಲಿಗೆ ಎಸ್.ಆರ್. ಪಾಟೀಲ ಅವರನ್ನು ಕಣಕ್ಕಿಳಿಸಿತು. ಭಾರತೀಯ ಜನತಾ ಪಕ್ಷದ ವಿರೂಪಾಕ್ಷಪ್ಪ ಬಳ್ಳಾರಿ ಗೆದ್ದರು. 2023ರಲ್ಲಿ ಟಿಕೆಟ್ ಮರಳಿ ಶಿವಣ್ಣನವರ ಅವರಿಗೆ ದೊರೆತು, ಅವರು ಬಳ್ಳಾರಿ ಅವರನ್ನು ಸೋಲಿಸಿದರು.

=== ಹಾವೇರಿ ===

ಈ ಕ್ಷೇತ್ರದಲ್ಲಿ ನೆಹರು ಓಲೇಕಾರ ಮತ್ತು ಕಾಂಗ್ರೆಸ್‌ನ ರುದ್ರಪ್ಪ ಲಮಾಣಿ ಸರದಿಯಂತೆ ಗೆಲ್ಲುತ್ತ ಬಂದರು. 2023ರಲ್ಲಿ ಭಾರತೀಯ ಜನತಾ ಪಕ್ಷವು ಹಾಲಿ ಶಾಸಕ ಓಲೇಕಾರ ಅವರಿಗೆ ಟಿಕೆಟ್ ನೀಡದೆ ಗವಿಸಿದ್ದಪ್ಪ ದ್ಯಾಮಣ್ಣವರ ಅವರನ್ನು ಆಯ್ಕೆ ಮಾಡಿತು. ಓಲೇಕಾರ ಪಕ್ಷ ತೊರೆದರು. ಲಮಾಣಿ ಗೆದ್ದು ನಂತರ ವಿಧಾನಸಭೆಯ ಉಪಸಭಾಧ್ಯಕ್ಷರಾದರು.

== ಆಯ್ಕೆಯಾದ ಶಾಸಕರು ==

| ವರ್ಷ | ಹಾವೇರಿ | ರಾಣೇಬೆನ್ನೂರು | ಬ್ಯಾಡಗಿ |
|---|---|---|---|
| 2008 | ನೆಹರು ಓಲೇಕಾರ (ಬಿಜೆಪಿ) | ಜಿ. ಶಿವಣ್ಣ (ಬಿಜೆಪಿ) | ಸುರೇಶಗೌಡ ಪಾಟೀಲ (ಬಿಜೆಪಿ) |
| 2013 | ರುದ್ರಪ್ಪ ಲಮಾಣಿ (ಕಾಂಗ್ರೆಸ್) | ಕೆ.ಬಿ. ಕೋಳಿವಾಡ (ಕಾಂಗ್ರೆಸ್) | ಬಸವರಾಜ ಶಿವಣ್ಣನವರ (ಕಾಂಗ್ರೆಸ್) |
| 2018 | ನೆಹರು ಓಲೇಕಾರ (ಬಿಜೆಪಿ) | ಆರ್. ಶಂಕರ್ (ಕೆಪಿಜೆಪಿ) | ವಿರೂಪಾಕ್ಷಪ್ಪ ಬಳ್ಳಾರಿ (ಬಿಜೆಪಿ) |
| 2023 | ರುದ್ರಪ್ಪ ಲಮಾಣಿ (ಕಾಂಗ್ರೆಸ್) | ಪ್ರಕಾಶ ಕೋಳಿವಾಡ (ಕಾಂಗ್ರೆಸ್) | ಬಸವರಾಜ ಶಿವಣ್ಣನವರ (ಕಾಂಗ್ರೆಸ್) |

== ಮತದಾರರ ನಿಷ್ಠೆ ==

2008ರಿಂದ 2023ರವರೆಗಿನ ನಾಲ್ಕು ಸಾರ್ವತ್ರಿಕ ವಿಧಾನಸಭಾ ಚುನಾವಣೆಗಳಲ್ಲಿ ಈ ಮೂರು ಕ್ಷೇತ್ರಗಳ ಯಾವುದರಲ್ಲಿಯೂ ಒಂದೇ ಪಕ್ಷ ಸತತವಾಗಿ ಎರಡು ಬಾರಿ ಗೆದ್ದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ 2009, 2014, 2019 ಮತ್ತು 2024ರಲ್ಲಿ ಭಾರತೀಯ ಜನತಾ ಪಕ್ಷವೇ ಜಯಗಳಿಸಿದೆ. 2023ರಲ್ಲಿ ಜಿಲ್ಲೆಯ 6ರಲ್ಲಿ 5 ವಿಧಾನಸಭಾ ಸ್ಥಾನಗಳನ್ನು ಕಾಂಗ್ರೆಸ್ ಪಡೆದಿದ್ದರೂ, ಮರುವರ್ಷ ಬಸವರಾಜ ಬೊಮ್ಮಾಯಿ ಅವರು ಕಾಂಗ್ರೆಸ್‌ನ ಆನಂದಸ್ವಾಮಿ ಗಡ್ಡದೇವರಮಠ ಅವರನ್ನು ಸೋಲಿಸಿ ಸಂಸದರಾದರು. ಹೀಗಾಗಿ ವಿಧಾನಸಭೆಯ ಫಲಿತಾಂಶದಲ್ಲಿ ಕಾಣುವ ಬದಲಾವಣೆಯನ್ನು ಮತದಾರರು ಪಕ್ಷವನ್ನು ಶಾಶ್ವತವಾಗಿ ತೊರೆದುದರ ಸೂಚನೆ ಎಂದು ಭಾವಿಸಲಾಗದು. ಅಭ್ಯರ್ಥಿ ಯಾರು ಹಾಗೂ ಚುನಾವಣೆ ಯಾವ ಹಂತದ್ದು ಎಂಬುದೂ ಫಲಿತಾಂಶವನ್ನು ಪ್ರಭಾವಿಸುತ್ತದೆ.

== ಭಿನ್ನಮತ ಶಮನದ ಕ್ರಮಗಳು ==

ನಾಮಪತ್ರ ಹಿಂಪಡೆಯುವ ಕೊನೆಯ ದಿನದೊಳಗೆ ಬಂಡಾಯ ಅಭ್ಯರ್ಥಿಗಳ ಮನವೊಲಿಸುವುದು, ವಿಧಾನ ಪರಿಷತ್ ಸದಸ್ಯತ್ವ ಅಥವಾ ನಿಗಮ–ಮಂಡಳಿಗಳ ಅಧ್ಯಕ್ಷತೆ ನೀಡುವುದು ಪಕ್ಷಗಳು ಅನುಸರಿಸುವ ಸಾಮಾನ್ಯ ಕ್ರಮಗಳು. 2024ರ ಶಿಗ್ಗಾಂವಿ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಅಜ್ಜಂಪೀರ್ ಖಾದ್ರಿ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿ ನಂತರ ಹಿಂಪಡೆದರು. ಅಧಿಕೃತ ಅಭ್ಯರ್ಥಿ ಯಾಸೀರ್ ಅಹ್ಮದ್ ಖಾನ್ ಪಠಾಣ್ ಅವರು ಭರತ್ ಬೊಮ್ಮಾಯಿ ಅವರನ್ನು ಸೋಲಿಸಿದರು.

ಮನವೊಲಿಕೆ ವಿಫಲವಾದಾಗ ಉಚ್ಚಾಟನೆಯ ಕ್ರಮ ಜರುಗುತ್ತದೆ. 2024ರಲ್ಲಿ ಹಾವೇರಿ ಲೋಕಸಭಾ ಟಿಕೆಟ್ ಪುತ್ರ ಕೆ.ಇ. ಕಾಂತೇಶ್ ಅವರಿಗೆ ದೊರೆಯದ ಕಾರಣ ಕೆ.ಎಸ್. ಈಶ್ವರಪ್ಪ ಶಿವಮೊಗ್ಗದಲ್ಲಿ ಪಕ್ಷೇತರರಾಗಿ ಸ್ಪರ್ಧಿಸಿದರು. ಪಕ್ಷವು ಅವರನ್ನು 6 ವರ್ಷಗಳ ಅವಧಿಗೆ ಉಚ್ಚಾಟಿಸಿತು.

== ಕಾನೂನಿನ ಮಿತಿ ==

1985ರ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 10ನೇ ಅನುಸೂಚಿ ಪಕ್ಷಾಂತರವನ್ನು ನಿಯಂತ್ರಿಸುತ್ತದೆ. ಇದು ಶಾಸನಸಭೆಗಳ ಸದಸ್ಯರಿಗೆ ಮಾತ್ರ ಅನ್ವಯಿಸುತ್ತದೆ. ಟಿಕೆಟ್ ಆಕಾಂಕ್ಷಿಗಳಿಗಾಗಲಿ ಕಾರ್ಯಕರ್ತರಿಗಾಗಲಿ ಅನ್ವಯಿಸುವುದಿಲ್ಲ. ಅನರ್ಹಗೊಂಡ ಸದಸ್ಯರ ಸ್ಥಾನಕ್ಕೆ ನಡೆಯುವ ಉಪಚುನಾವಣೆಯಲ್ಲಿ ಅಂತಿಮ ತೀರ್ಮಾನ ಮತದಾರರದ್ದೇ ಆಗಿರುತ್ತದೆ.

== ಇವನ್ನೂ ನೋಡಿ ==

* ಹಾವೇರಿ ಲೋಕಸಭಾ ಕ್ಷೇತ್ರ
* ಕರ್ನಾಟಕ ಜನತಾ ಪಕ್ಷ
* ಪಕ್ಷಾಂತರ ನಿಷೇಧ ಕಾಯ್ದೆ
* ಕರ್ನಾಟಕ ವಿಧಾನಸಭೆ