ಅತ್ತೆಯ ಊರಿನ ಹಕ್ಕಿಗಳು

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಸವನ ಬಾಗೇವಾಡಿಗೆ ಬಂದಾಗ ಮಟಮಟ ಮಧ್ಯಾಹ್ನ. ಬಸವಣ್ಣನವರು ಹುಟ್ಟಿದ ಊರು. ಗುಡಿಗೆ ಹೋಗಿ ಕೈಮುಗಿದು, ಕೊಲ್ಹಾರದ ಬಸ್ಸು ಹಿಡಿದೆ. ಅಲ್ಲಿ ನನ್ನ ಸೋದರತ್ತೆ ಇದ್ದಾಳೆ. ಚಳಿಗಾಲದಲ್ಲಿ ಅಲ್ಲಿಯ ಹಿನ್ನೀರಿಗೆ ರಾಜಹಂಸಗಳು ಬರುತ್ತವೆಂದು ಕೇಳಿದ್ದೆ, ನೋಡಿರಲಿಲ್ಲ.

ಕೊಲ್ಹಾರವೆಂದರೆ ನಮ್ಮ ಕಡೆ ಮೊಸರು. ಪುಟ್ಟ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ್ದು, ಬೋರಲು ಮಾಡಿದರೂ ಬೀಳದಷ್ಟು ಗಟ್ಟಿ. ಹಾಲನ್ನು ಸಣ್ಣ ಉರಿಯಲ್ಲಿ ಚೆನ್ನಾಗಿ ಕಾಸಬೇಕು, ಮಿಕ್ಕ ನೀರನ್ನು ಗಡಿಗೆಯೇ ಹೀರುತ್ತದೆ. ಸ್ಟೀಲಿನ ಡಬ್ಬಿಯಲ್ಲಿ ನಾನು ಮಾಡಿ ಸೋತಿದ್ದೇನೆ.

ನಾನು ಸೂಟಿಗೆ ಹೋಗುತ್ತಿದ್ದ ಹಳೆಯ ಕೊಲ್ಹಾರ ಈಗ ಇಲ್ಲ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರ ಮೇ ತಿಂಗಳಲ್ಲಿ. ಅತ್ತೆ ಆಗಿನ್ನೂ ಪರಕರ ಉಡುವ ಹುಡುಗಿ. ಮುಂದೆ ಸೊಸೆಯಾಗಿ ಹೋದದ್ದು ಮುಳುಗಲಿರುವ ಊರಿಗೆ. ಇಂದು ಬಂತು ನೀರು, ನಾಳೆ ಬಂತು ಎನ್ನುತ್ತಲೇ ಮಕ್ಕಳನ್ನು ಹೆತ್ತಳು, ಮದುವೆ ಮಾಡಿದಳು. ಗೋಡೆಗೆ ಸುಣ್ಣ ಹಚ್ಚುವುದೂ ದಂಡವೆನಿಸುತ್ತಿತ್ತಂತೆ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. ಆ ಅಂಕಿಯನ್ನೂ 123 ಟಿಎಂಸಿ ಎಂಬುದನ್ನೂ ನಾನು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಆ ನೀರು ನಮ್ಮತ್ತೆಯ ಅಡಿಗೆಮನೆಯ ಮೇಲೆ ನಿಂತಿದೆ ಎಂದು ಒಮ್ಮೆಯೂ ಹೇಳಿಲ್ಲ.

ಹೇಳಲು ಬಾಯಿಯೂ ಬರುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಒಣನೆಲಕ್ಕೆ ಕಾಲುವೆ ಬಂದದ್ದು ಇದೇ ಕೃಷ್ಣಾ ಯೋಜನೆಯಿಂದ. ನನ್ನ ಗಂಡನ ಮನೆ ಸಿಂದಗಿ ಕಡೆ. ನಮ್ಮ ಹೊಲಕ್ಕೂ ಆ ನೀರು ಹರಿಯುತ್ತದೆ.

ರವಿವಾರ ನಸುಕಿನಲ್ಲಿ ಎದ್ದು, "ಹಕ್ಕಿ ನೋಡಾಕ ಬರ್ತೀಯೇನ ಅತ್ತಿ?" ಎಂದು ಕೇಳಿದೆ. "ನೀ ಹೋಗಿ ಬಾ. ನಾ ಆ ಕಡಿ ಮಾರಿ ಮಾಡೂದಿಲ್ಲ" ಅಂದಳು.

ಮಳೆಗಾಲದಲ್ಲಿ ತುಂಬುವ ಜಲಾಶಯ ಚಳಿಗಾಲಕ್ಕೆ ಇಳಿಯತೊಡಗುತ್ತದೆ; ಅಂಚಿನಲ್ಲಿ ಕೆಸರು, ಮೊಣಕಾಲುದ್ದ ನೀರು. ರಾಜಹಂಸಗಳಿಗೆ ಬೇಕಾದದ್ದು ಅಷ್ಟೇ. ಮಂಜು ಸರಿದಾಗ ಕಂಡವು, ತೆಳು ಗುಲಾಬಿ ಬಣ್ಣದ ಉದ್ದನೆಯ ಸಾಲು. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ಕೆಸರು ಸೋಸಿ ಸಣ್ಣ ಹುಳುಹುಪ್ಪಟೆ ತಿನ್ನುತ್ತವೆ. ನಾವು ಹಿಟ್ಟು ಜರಡಿ ಹಿಡಿದ ಹಾಗೆ. ಆಚೆ ಪಟ್ಟೆತಲೆಯ ಬಾತುಗಳು. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿಗಳಿಗೆ ನಮ್ಮ ಕಡಲೆ ಹೊಲವೆಂದರೆ ಪ್ರಾಣ, ರೈತರು ಬೈಯುತ್ತಾರೆ. ಎಷ್ಟು ಹೊತ್ತು ನಿಂತೆನೋ. ಚೆಂದವಿತ್ತು. ಚೆಂದವೆನಿಸಿದ್ದಕ್ಕೆ ಒಳಗೊಳಗೇ ನಾಚಿಕೆಯೂ ಆಯಿತು.

ಹೊರಡುವಾಗ ಅತ್ತೆ ಮೊಸರಿನ ಗಡಿಗೆಯನ್ನು ಅರಿವೆಯಲ್ಲಿ ಕಟ್ಟಿ ಕೊಟ್ಟಳು. ಬಸ್ಸಿನ ತನಕ ಸುಮ್ಮನೆ ಬಂದವಳು ಕಿಟಕಿಗೆ ಕೈಯಿಟ್ಟು ಮೆಲ್ಲಗೆ ಕೇಳಿದಳು: "ನಮ್ಮ ಹುಣಸಿ ಗಿಡ ಇತ್ತಲ್ಲ, ಆ ಕಡೀಗೂ ಕುಂತಾವೇನ ಹಕ್ಕಿ?"

ಆ ನೀರಿನಲ್ಲಿ ಹುಣಸೆಮರದ ಜಾಗ ಯಾವುದೆಂದು ನನಗೆ ಹೇಗೆ ತಿಳಿಯಬೇಕು! "ಹೂಂ ಅತ್ತಿ, ಕುಂತಾವ" ಅಂದೆ.