ಮಸಣದಿಂದ ನಡುಮನೆಗೆ: ಹುಣಸೂರು, ಕಣಗಾಲ್ ಮತ್ತು ಕನ್ನಡ ತೆರೆಯ ಅಗಲಿಕೆ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು ದಾಟಿದರೆ ಪಿರಿಯಾಪಟ್ಟಣ. ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ತಂಬಾಕು ಹದಗೊಳಿಸುವ ಬ್ಯಾರನ್‌ಗಳಿಗೆ ಹೆಸರಾದ ಈ ಸೀಮೆಯಿಂದ ಕನ್ನಡ ಚಿತ್ರರಂಗಕ್ಕೆ ಹೋದ ಇಬ್ಬರು ನಿರ್ದೇಶಕರು ಊರಿನ ಹೆಸರನ್ನೂ ಜೊತೆಗೇ ಕರೆದೊಯ್ದರು. ಒಬ್ಬರು ಹುಣಸೂರು ಕೃಷ್ಣಮೂರ್ತಿ (1914–1989). ಇನ್ನೊಬ್ಬರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನ ಸೀತಾರಾಮ ಶರ್ಮ, ಅಂದರೆ ಎಸ್.ಆರ್. ಪುಟ್ಟಣ್ಣ ಕಣಗಾಲ್ (1933–1985). ಚಿತ್ರೇತಿಹಾಸ ಬರೆಯುವವರು ಮೊದಲನೆಯವರನ್ನು ಪೌರಾಣಿಕದ ಅಧ್ಯಾಯಕ್ಕೂ ಎರಡನೆಯವರನ್ನು ಕಾದಂಬರಿ ಆಧಾರಿತ ಚಿತ್ರಗಳ ಅಧ್ಯಾಯಕ್ಕೂ ಹಂಚಿ ಕೈತೊಳೆದುಕೊಳ್ಳುವುದು ವಾಡಿಕೆ. ಅಗಲಿಕೆ ಎಂಬ ಒಂದೇ ವಸ್ತುವನ್ನು ಹಿಡಿದು ಇಬ್ಬರನ್ನೂ ಪಕ್ಕಪಕ್ಕ ಇಟ್ಟರೆ ಬೇರೆಯೇ ಚಿತ್ರ ಕಾಣುತ್ತದೆ.

ಕೃಷ್ಣಮೂರ್ತಿಯವರು ಬೆಳೆದದ್ದು ನಾಟಕ ಕಂಪನಿಗಳ ಗರಡಿಯಲ್ಲಿ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಗಂಡ ಹೆಂಡತಿಯನ್ನು ಬೇರ್ಪಡಿಸುವುದು ಕೊಟ್ಟ ಮಾತು. ರಾಘವಾಂಕನ ಕಾಲದಿಂದ ಕನ್ನಡಿಗರಿಗೆ ಗೊತ್ತಿರುವ ಕಥೆ ಅದು. ಮಗನ ಹೆಣ ಹೊತ್ತು ಬಂದ ಚಂದ್ರಮತಿಯ ಎದುರು ಸುಡುಗಾಡಿನ ಕಾವಲುಗಾರನಾಗಿ ನಿಂತವನು ಅವಳ ಗಂಡನೇ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಆದರೂ ಅವನ ಬಾಯಿಂದ ಬರುವುದು ಸುಂಕದ ಮಾತು. ಇಲ್ಲಿ ಇಬ್ಬರ ಮನಸ್ಸಿನಲ್ಲೂ ಬಿರುಕಿಲ್ಲ. ಬಿರುಕು ತಂದದ್ದು ಹೊರಗಿನ ಪರೀಕ್ಷೆ, ಪರೀಕ್ಷೆ ಮುಗಿದರೆ ಬಿರುಕೂ ಮುಗಿಯಿತು. 1977ರ ‘ಬಭ್ರುವಾಹನ’ದಲ್ಲೂ ಅರ್ಜುನ ಚಿತ್ರಾಂಗದೆಯರ ವಿಯೋಗ ರಣರಂಗದಲ್ಲಿ ಇತ್ಯರ್ಥವಾಗುತ್ತದೆ. ಪ್ರೇಕ್ಷಕ ಅತ್ತು ಹಗುರಾಗಿ ಮನೆಗೆ ಹೋಗುತ್ತಾನೆ.

ಪುಟ್ಟಣ್ಣನವರ ಪ್ರೇಕ್ಷಕನಿಗೆ ಆ ಭಾಗ್ಯವಿಲ್ಲ.

ಬಿ.ಆರ್. ಪಂತುಲು ಅವರ ಕೈಕೆಳಗೆ ಪಳಗಿದ ಪುಟ್ಟಣ್ಣ ಮೊದಲು ನಿರ್ದೇಶಿಸಿದ್ದು ಮಲಯಾಳದಲ್ಲಿ, 1964ರ ‘ಸ್ಕೂಲ್ ಮಾಸ್ಟರ್’. ಎರಡು ವರ್ಷದ ಮೇಲೆ ಅದೇ ಭಾಷೆಯಲ್ಲಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ‘ಪೂಚಕಣ್ಣಿ’ ಮಾಡಿದರು. ಕನ್ನಡದ ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ಎರಡೂ ತ್ರಿವೇಣಿಯವರವೇ. ಮನಃಶಾಸ್ತ್ರ ಓದಿದ್ದ ಆ ಲೇಖಕಿ 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಈ ಮೂರು ಚಿತ್ರಗಳಲ್ಲಿ ಒಂದನ್ನೂ ನೋಡಲಿಲ್ಲ. ಹೆರಿಗೆಯ ನಂತರ ಮನಸ್ಸು ಕದಡಿದ ಹೆಂಗಸಿನ ಕಥೆಯಾದ ‘ಶರಪಂಜರ’ ತೆರೆಗೆ ಬಂದಾಗ ಅದನ್ನು ಬರೆದವರು ಇಲ್ಲವಾಗಿ ಎಂಟು ವರ್ಷವಾಗಿತ್ತು. ಪುಟ್ಟಣ್ಣನವರನ್ನು ಹೊಗಳುವ ಭರದಲ್ಲಿ ಈ ಸಾಲವನ್ನು ನಾವು ಮರೆಯುತ್ತೇವೆ: ಅಗಲಿಕೆಯ ಜಾಗವನ್ನು ಮಸಣದಿಂದ ನಡುಮನೆಗೆ ಮೊದಲು ತಂದವರು ಲೇಖಕಿಯರು. ‘ಗೆಜ್ಜೆಪೂಜೆ’ (1969) ಎಂ.ಕೆ. ಇಂದಿರಾ ಅವರದು. ಅದಕ್ಕೆ ಪುಟ್ಟಣ್ಣನವರಿಗೆ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಬಂತು.

‘ಬೆಳ್ಳಿಮೋಡ’ದ ಇಂದಿರಾಳನ್ನು ನೋಡಿ. ಆಸ್ತಿಗೆ ಒಬ್ಬಳೇ ವಾರಸುದಾರಳಾಗಿದ್ದಾಗ ಒಪ್ಪಿದ ಮೋಹನ, ಅವಳಿಗೆ ತಮ್ಮ ಹುಟ್ಟಿದ ಮೇಲೆ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಪೆಟ್ಟು ಮಾಡಿಕೊಂಡು ಅದೇ ಮನೆಯಲ್ಲಿ ಮಲಗಿದಾಗ ಆರೈಕೆ ಮಾಡುವವಳು ಇವಳು. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಗೆ ಕೇಳುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಆರೈಕೆಯ ಹತ್ತಿರ ಬೇರೆ, ಒಲವಿನ ಹತ್ತಿರ ಬೇರೆ ಎಂಬುದನ್ನು ಕನ್ನಡ ತೆರೆ ಇಷ್ಟು ಗಟ್ಟಿಯಾಗಿ ಹೇಳಿದ್ದು ಅಪರೂಪ.

‘ಶರಪಂಜರ’ ಇನ್ನೂ ಮುಂದೆ ಹೋಗುತ್ತದೆ. ಚಿತ್ರದ ಮೊದಲ ಭಾಗದಲ್ಲಿ ಕಾವೇರಿ (ಕಲ್ಪನಾ) ಮತ್ತು ಸತೀಶ (ಗಂಗಾಧರ್) ಕಿತ್ತಳೆ ತೋಟದಲ್ಲಿ ಓಡಾಡುತ್ತಾರೆ, ಹಿನ್ನೆಲೆಗೆ ಬೇಂದ್ರೆಯವರ ಎರಡು ಧ್ರುವಗಳ ಪ್ರೇಮಗೀತೆ. ಕಣ್ತುಂಬ ಬಣ್ಣ. ಆ ಕವಿತೆಯನ್ನು ಪ್ರಣಯಗೀತೆ ಎಂದಷ್ಟೇ ಕೇಳಿ ಬಿಡುತ್ತೇವೆ. ಧ್ರುವಗಳು ಸೆಳೆಯುವುದೇನೋ ನಿಜ, ಅವುಗಳ ನಡುವೆ ಇಡೀ ಭೂಮಿಯೇ ಅಡ್ಡ ಇದೆಯಲ್ಲ! ಆಸ್ಪತ್ರೆಯಿಂದ ವಾಸಿಯಾಗಿ ಮರಳಿದ ಕಾವೇರಿಗೆ ಆ ಭೂಮಿ ಕಾಣಿಸತೊಡಗುತ್ತದೆ. ಮನೆ ಅದೇ, ಗಂಡ ಅವನೇ. ಅಡುಗೆಯವನಿಗೂ ನೆರೆಹೊರೆಗೂ ಅವಳು ಈಗ ‘ಹುಚ್ಚಿ’. ಗಂಡನಿಗೆ ಹೊರಗೆ ಬೇರೊಬ್ಬಳ ಸಂಗ. ಹದಿನಾಲ್ಕು ವರ್ಷದ ವನವಾಸ ಮುಗಿಸಿ ಬಂದ ಸೀತೆಯ ಹಾಡನ್ನು ಅವಳು ಹಾಡುವಾಗ ಕಾಡಿಗಿಂತ ಅರಮನೆಯೇ ಕಠಿಣವಾಗಿ ಕೇಳಿಸುತ್ತದೆ. ಇದೇ ಸೀಮೆಯ ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯಲ್ಲಿ, ವನವಾಸದ ಕಥೆ ಹೆಣೆದುಕೊಂಡಿರುವ ಕೋದಂಡರಾಮನ ಗುಡಿಯಲ್ಲಿ, ಸೀತೆ ವಾಡಿಕೆಗೆ ವಿರುದ್ಧವಾಗಿ ರಾಮನ ಬಲಕ್ಕೆ ನಿಂತಿದ್ದಾಳೆ. ಪುಟ್ಟಣ್ಣನವರಿಗೂ ಆ ಗುಡಿಗೂ ನಂಟು ಕಟ್ಟುವುದು ನನ್ನ ಉದ್ದೇಶವಲ್ಲ. ಎಡಬಲ ಅದಲುಬದಲಾದರೆ ಕಣ್ಣು ತಟಕ್ಕನೆ ನಿಲ್ಲುತ್ತದೆಯಲ್ಲ, ಕಾವೇರಿಯ ಹಾಡಿನಲ್ಲಿ ಆಗುವುದೂ ಅದೇ.

ಎಚ್.ಡಿ. ಕೋಟೆಯಿಂದ ಬಾವಲಿ ಗಡಿ ದಾಟಿದರೆ ವಯನಾಡು. ಭಾರತೀಸುತರ ಕಾದಂಬರಿಯನ್ನು ಆಧರಿಸಿದ ‘ಎಡಕಲ್ಲು ಗುಡ್ಡದ ಮೇಲೆ’ (1973) ಹೆಸರು ಪಡೆದದ್ದು ಅಲ್ಲಿನ ಎಡಕಲ್ಲಿನಿಂದ. ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು ಎಂಬುದು ಆ ಹೆಸರಿನ ಅರ್ಥ. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದ ಗಂಡ, ಹೆಂಡತಿ ಮಾಧವಿ (ಜಯಂತಿ), ಅವಳನ್ನು ಸೆಳೆಯುವ ತರುಣ ನಂಜುಂಡ (ಚಂದ್ರಶೇಖರ್), ಅವನನ್ನೇ ಬಯಸುವ ತಂಗಿ ದೇವಕಿ (ಆರತಿ). ವಿರಹ ಎಂದರೆ ದೂರ ಹೋದವನಿಗಾಗಿ ಕಾಯುವುದು ಎಂಬ ನಮ್ಮ ಕಾವ್ಯದ ರೂಢಿ ಇಲ್ಲಿ ತಲೆಕೆಳಗಾಗಿದೆ. ಗಂಡ ಪಕ್ಕದಲ್ಲೇ ಇದ್ದಾನೆ, ಅವನ ಮೇಲೆ ಪ್ರೀತಿಯೂ ಇದೆ. ವಿರಹ ಇರುವುದು ಮೈಗೆ. ಎಸ್. ಜಾನಕಿ ಹಾಡಿದ ವಿರಹಗೀತೆಯನ್ನು ಇಂದಿಗೂ ಕೇಳುವವರು ಅದರ ಹಿಂದೆ ಇಷ್ಟು ಒರಟಾದ ಸತ್ಯವಿದೆಯೆಂದು ನೆನೆಯುವುದು ಕಡಿಮೆ.

ಪುಟ್ಟಣ್ಣ ‘ಸ್ವತಂತ್ರ’ ನಿರ್ದೇಶಕರೇ? ಬಂಡವಾಳದ ಲೆಕ್ಕದಲ್ಲಿ ಅಲ್ಲ. ಹಾಡು, ಮಧ್ಯಂತರ, ಜನ ಕಿಕ್ಕಿರಿದ ಚಿತ್ರಮಂದಿರ ಎಲ್ಲವೂ ಅವರಿಗೆ ಬೇಕಿತ್ತು. ಆದರೆ ರಾಜ್‌ಕುಮಾರ್ ಅವರಂಥ ನಟರ ಜೊತೆ ‘ಮಲ್ಲಮ್ಮನ ಪವಾಡ’, ‘ಕರುಳಿನ ಕರೆ’, ‘ಸಾಕ್ಷಾತ್ಕಾರ’ ಮೂರೇ ಚಿತ್ರ ಮಾಡಿ ನಾಯಕಿಯರ ಕಡೆ ಹೊರಳಿದ್ದು ಆ ಕಾಲಕ್ಕೆ ಸಣ್ಣ ಸ್ವಾತಂತ್ರ್ಯವಲ್ಲ. ಅತಿರೇಕವೂ ಅವರಲ್ಲಿತ್ತು. ಮುಖಕ್ಕೆ ನುಗ್ಗುವ ಜೂಮ್, ಸಂಕೇತಗಳ ಮೇಲೆ ಸಂಕೇತ. ‘ಮಾನಸ ಸರೋವರ’ದ (1982) ಮನೋವೈದ್ಯ ತಾನೇ ಹುಚ್ಚನಾಗುವ ಹೊತ್ತಿಗೆ ನನಗೆ ದಣಿವಾಗುತ್ತದೆ. ‘ರಂಗನಾಯಕಿ’ಯಲ್ಲಿ (1981) ಹಾಗಲ್ಲ: ಎಳವೆಯಲ್ಲೇ ಅಗಲಿದ ಮಗ ದೊಡ್ಡವನಾಗಿ, ತಾಯಿಯೆಂದು ತಿಳಿಯದೆ ಆ ನಟಿಗೇ ಮರುಳಾಗುವ ಕಥೆಯನ್ನು ಜಾರದಂತೆ ಹಿಡಿದಿದ್ದಾರೆ.

ಈ ಅತಿರೇಕಕ್ಕೆ ಎದುರು ನಿಂತದ್ದು ಹೊಸ ಅಲೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದಲ್ಲಿ ವಿಧವೆ ಯಮುನೆ ಬದುಕಿರುವಾಗಲೇ ಅವಳ ತಂದೆಯೇ ಅವಳಿಗೆ ಶ್ರಾದ್ಧ ಮಾಡುತ್ತಾನೆ. ಅವಳನ್ನು ನಿಜಕ್ಕೂ ಹಚ್ಚಿಕೊಂಡವನು ಪುಟ್ಟ ಹುಡುಗ ನಾಣಿ ಒಬ್ಬನೇ. ಅವನನ್ನೂ ಕರೆದುಕೊಂಡು ಹೋಗುತ್ತಾರೆ. ಮಂಸೋರೆಯವರ ‘ನಾತಿಚರಾಮಿ’ (2018) ಗಂಡನನ್ನು ಕಳೆದುಕೊಂಡ ಗೌರಿಯ ದೇಹದ ಬಯಕೆಯನ್ನು ನೇರ ಮಾತಿಗೆ ತಂದಿತು. ಮಾಧವಿ ಅದಕ್ಕೆ ನಲವತ್ತೈದು ವರ್ಷ ಹಿಂದೆ ಗುಡ್ಡ ಹತ್ತದಿದ್ದರೆ ಗೌರಿಗೆ ಆ ಮಾತು ಅಷ್ಟು ಸಲೀಸಾಗಿ ಸಿಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಹೊಸ ಅಲೆಯ ಇತಿಹಾಸದಿಂದ ಪುಟ್ಟಣ್ಣನವರನ್ನು ಹೊರಗಿಡುವವರು ಈ ಎಳೆಯನ್ನು ಕಡಿದುಕೊಳ್ಳುತ್ತಾರೆ.

1985ರ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡಾಗ ತ.ರಾ.ಸು. ಕಾದಂಬರಿಯ ಚಿತ್ರವೊಂದು ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿಕೊಟ್ಟವರು ಕೆ.ಎಸ್.ಎಲ್. ಸ್ವಾಮಿ. ಚಿತ್ರದ ಹೆಸರು ‘ಮಸಣದ ಹೂವು’.